ಕಾರ್ಖಾನೆಯಲ್ಲಿ ಭಾಷಣ ಕ್ಲಬ್: ತರಬೇತುದಾರರಿಗಿಂತ ಪಾತ್ರಪಟ್ಟಿ ಮುಖ್ಯ

ಮೇಡಂ, ನೀವು ಕೇಳಿರುವುದು ಮೂರು ಸಂಗತಿ. ಕಾರ್ಖಾನೆಯಲ್ಲಿ ಭಾಷಣ ಕಲಿಯುವ ಕ್ಲಬ್ ಕಟ್ಟುವುದು ಹೇಗೆ, ಎಚ್‌ಆರ್ ವಿಭಾಗದವರು ಹೇಳುತ್ತಿರುವಂತೆ ತಿಂಗಳಿಗೊಮ್ಮೆ ತರಬೇತುದಾರರನ್ನು ಕರೆಸಬೇಕೇ, ಸಭೆಯನ್ನು ಕನ್ನಡದಲ್ಲಿ ನಡೆಸಬಹುದೇ. ನಮ್ಮ ಕಂಪನಿಯ ಕ್ಲಬ್ಬಿನಲ್ಲಿ ನಾನು ಶಿಕ್ಷಣ ಉಪಾಧ್ಯಕ್ಷನ ಕೆಲಸ ಮಾಡಿದವನು. ಹೆಸರು ದೊಡ್ಡದು, ಕೆಲಸವೆಂದರೆ ಯಾವ ವಾರ ಯಾರು ಏನು ಮಾಡಬೇಕೆಂದು ಬರೆದಿಟ್ಟು ಜನರ ಬೆನ್ನು ಹತ್ತುವುದು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ತರಬೇತುದಾರರ ವಿಷಯ. ಬೇಡ ಎನ್ನುತ್ತೇನೆ. ಅವರು ಬಂದ ದಿನ ಅವರೇ ಮಾತನಾಡುತ್ತಾರೆ, ನಿಮ್ಮವರು ಕೈಕಟ್ಟಿ ಕೇಳುತ್ತಾರೆ, ಕೊನೆಗೆ ಒಂದು ಗ್ರೂಪ್ ಫೋಟೋ. ಈ ಬಗೆಯ ಕ್ಲಬ್ಬುಗಳಿಗೆ ಮಾದರಿಯಾದ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆ ಹುಟ್ಟಿದ್ದೇ ಮೇಷ್ಟ್ರಿಲ್ಲದ ಏರ್ಪಾಡಾಗಿ. ಕ್ಯಾಲಿಫೋರ್ನಿಯಾದ ಸಾಂಟಾ ಅನಾದ ವೈಎಂಸಿಎಯಲ್ಲಿ ಕೆಲಸ ಮಾಡುತ್ತಿದ್ದ ರಾಲ್ಫ್ ಸ್ಮೆಡ್ಲಿ 1924ರ ಅಕ್ಟೋಬರ್ 22ರಂದು ಅಲ್ಲಿ ಮೊದಲ ಸಭೆ ನಡೆಸಿದರು. ಸದಸ್ಯರೇ ಸರದಿಯಂತೆ ಮಾತನಾಡಬೇಕು, ಸದಸ್ಯರೇ ಸರಿತಪ್ಪು ಹೇಳಬೇಕು, ಸಭೆಯ ಅಧ್ಯಕ್ಷತೆಯನ್ನೂ ಅವರೇ ವಹಿಸಬೇಕು. ನೂರು ವರ್ಷ ಕಳೆದರೂ ಆ ಏರ್ಪಾಡು ಹಾಗೆಯೇ ಇದೆ. ತರಬೇತುದಾರರಿಗೆ ಕೊಡುವ ಹಣವನ್ನು ಎಚ್‌ಆರ್‌ನವರು ಸದಸ್ಯತ್ವ ಶುಲ್ಕಕ್ಕೆ ಅಥವಾ ಸಭೆಯ ದಿನದ ಚಹಾ, ಬೋಂಡಾಕ್ಕೆ ಕೊಡಲಿ. ಅವರಿಂದ ಇನ್ನೊಂದು ಬೇಕು: ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ಒಂದು ಕೊಠಡಿ. ಹಾಜರಿ ಕಡ್ಡಾಯ ಎಂಬ ಸುತ್ತೋಲೆಯನ್ನು ಮಾತ್ರ ಯಾವ ಕಾರಣಕ್ಕೂ ಹೊರಡಿಸಬಾರದು. ಕಡ್ಡಾಯವಾಗಿ ಬಂದವನು ಹಿಂದಿನ ಸಾಲಿನಲ್ಲಿ ಕುಳಿತು ಮೊಬೈಲ್ ನೋಡುತ್ತಾನೆ. ಅವನನ್ನು ನೋಡಿ ಇಷ್ಟಪಟ್ಟು ಬಂದವನೂ ಸಪ್ಪಗಾಗುತ್ತಾನೆ.

ಇನ್ನು ಕ್ಲಬ್ಬನ್ನು ನಿಜವಾಗಿ ನಡೆಸುವುದು ಪಾತ್ರಪಟ್ಟಿ. ಸಭೆಗೆ ಒಬ್ಬ ನಿರೂಪಕ, ಇಬ್ಬರು ಭಾಷಣಕಾರರು, ಆ ಇಬ್ಬರಿಗೂ ಒಬ್ಬೊಬ್ಬ ಮೌಲ್ಯಮಾಪಕರು, ಆಶುಭಾಷಣ ನಡೆಸುವವರೊಬ್ಬರು, ಟೈಮರ್, ಭಾಷೆ ಗಮನಿಸುವ ಗ್ರಾಮರಿಯನ್, ‘ಆ’, ‘ಊಂ’ ಎಣಿಸುವ ಆ-ಕೌಂಟರ್, ಕೊನೆಯಲ್ಲಿ ಇಡೀ ಸಭೆಯನ್ನು ತೂಗಿ ನೋಡುವ ಒಬ್ಬರು. ಹತ್ತು ಜನರಾದರು. ಹದಿನೈದು ಜನ ಬಂದರೆ ಉಳಿದ ಐವರಿಗೆ ಆಶುಭಾಷಣ. ಸುಮ್ಮನೆ ಕೂರುವವರು ಇರಲೇಬಾರದು. ಈ ಪಟ್ಟಿ ಮೂರು ವಾರ ಮೊದಲೇ ತುಂಬಿರಬೇಕು. ‘ಸಭೆಯ ದಿನ ನೋಡೋಣ’ ಎಂದ ಕ್ಲಬ್ಬಿನಲ್ಲಿ ಪ್ರತಿ ವಾರ ಅದೇ ನಾಲ್ವರು ಉತ್ಸಾಹಿಗಳು ಎಲ್ಲ ಪಾತ್ರ ಮಾಡುತ್ತಾರೆ, ಆರು ತಿಂಗಳಲ್ಲಿ ಅವರಿಗೂ ಸಾಕಾಗುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಯಾರಾದರೂ ಟೈಮರ್ ಆಗುತ್ತೀರಾ’ ಎಂದು ಕೇಳಿದರೆ ಹೆಬ್ಬೆರಳಿನ ಚಿತ್ರವೂ ಬರುವುದಿಲ್ಲ. ಹೆಸರು ಹಿಡಿದು, ಊಟದ ಸಾಲಿನಲ್ಲಿ ಪಕ್ಕ ನಿಂತು ಕೇಳಬೇಕು: ‘ಮುಂದಿನ ಬುಧವಾರ ನೀವು ಟೈಮರ್, ಬರೆದುಕೊಳ್ಳಲೇ?’ ಇಲ್ಲವೆನ್ನುವವರು ಕಡಿಮೆ.

ಒಂದು ಗಂಟೆಯನ್ನು ಹೀಗೆ ಹಂಚಿಕೊಳ್ಳಿ. ಆರಂಭ ಮತ್ತು ಪಾತ್ರಗಳ ಪರಿಚಯಕ್ಕೆ ಐದು ನಿಮಿಷ, ಎರಡು ಭಾಷಣಗಳಿಗೆ ಹದಿನೆಂಟು, ಆಶುಭಾಷಣಕ್ಕೆ ಹದಿನೈದು, ಎರಡು ಮೌಲ್ಯಮಾಪನಗಳಿಗೆ ಎಂಟು, ಟೈಮರ್ ಮುಂತಾದವರ ವರದಿಗೆ ಏಳು, ಒಟ್ಟು ಸಭೆಯ ಮೌಲ್ಯಮಾಪನಕ್ಕೆ ಐದು. ಉಳಿದ ಎರಡು ನಿಮಿಷ ಕುರ್ಚಿ ಎಳೆಯುವುದಕ್ಕೆ ಹೋಗುತ್ತದೆ. ಸಭೆ ತಡವಾಗಿ ಮುಗಿದರೆ ಮುಂದಿನ ವಾರ ಮೇಲ್ವಿಚಾರಕರು ಜನರನ್ನು ಬಿಡುವುದಿಲ್ಲ. ಆದ್ದರಿಂದ ಎಷ್ಟು ಜನ ಬಂದಿದ್ದರೂ ಹೇಳಿದ ಹೊತ್ತಿಗೆ ಆರಂಭಿಸಿ.

ಸಮಯ ತೋರಿಸಲು ದೀಪಗಳೇ ಬೇಕೆಂದಿಲ್ಲ, ಹಸಿರು, ಹಳದಿ, ಕೆಂಪು ಕಾರ್ಡ್ ಸಾಕು. ಐದರಿಂದ ಏಳು ನಿಮಿಷದ ಸಾಮಾನ್ಯ ಭಾಷಣಕ್ಕೆ ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಆಶುಭಾಷಣಕ್ಕೆ ಒಂದು, ಒಂದೂವರೆ, ಎರಡು ನಿಮಿಷ. ಮೌಲ್ಯಮಾಪನಕ್ಕೆ ಎರಡು, ಎರಡೂವರೆ, ಮೂರು. ಹೊಸಬರ ಮೊದಲ ಭಾಷಣ, ‘ಐಸ್ ಬ್ರೇಕರ್’ ಎನ್ನುವುದು, ನಾಲ್ಕರಿಂದ ಆರು ನಿಮಿಷ. ತಮ್ಮ ಬಗ್ಗೆಯೇ ಹೇಳಿಕೊಳ್ಳಬೇಕು. ಕಾರ್ಡ್ ಹಿಡಿದವರು ಸಂಕೋಚಪಡಬಾರದು. ಹಿರಿಯರು ಮಾತನಾಡುತ್ತಿದ್ದಾರೆಂದು ಕೆಂಪು ಕಾರ್ಡನ್ನು ಮೇಜಿನ ಕೆಳಗೇ ಇಟ್ಟುಕೊಂಡ ಟೈಮರ್‌ಗಳನ್ನು ನೋಡಿದ್ದೇನೆ.

ನಮ್ಮ ಸಭೆಗಳ ಅಭ್ಯಾಸ ನಿಮಗೂ ಗೊತ್ತು: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಭಾಷಣಕ್ಕಿಂತ ಉದ್ದವಾದ ವಂದನಾರ್ಪಣೆ. ಇದನ್ನು ಕ್ಲಬ್ಬಿನ ಬಾಗಿಲ ಹೊರಗೇ ಬಿಡಿ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಆರಂಭಿಸಿದರೆ ಮೊದಲ ನಿಮಿಷ ಅಲ್ಲಿಗೇ ಹೋಯಿತು.

ಆಶುಭಾಷಣ ಎಲ್ಲರೂ ಹೆದರುವ, ಕೊನೆಗೆ ಎಲ್ಲರೂ ಇಷ್ಟಪಡುವ ಭಾಗ. ಟೋಸ್ಟ್‌ಮಾಸ್ಟರ್ಸ್‌ನವರು ಇದನ್ನು ಟೇಬಲ್ ಟಾಪಿಕ್ಸ್ ಎನ್ನುತ್ತಾರೆ. ಶಾಲೆಯ ಸ್ಪರ್ಧೆಯಲ್ಲಿ ಚೀಟಿ ಎತ್ತಿ ಮಾತನಾಡಿದ ನೆನಪು ಹಲವರಿಗೆ ಇರುತ್ತದೆ. ಚೀಟಿಯಲ್ಲಿ ‘ಪರಿಸರ ಮಾಲಿನ್ಯ’, ‘ಶಿಸ್ತಿನ ಮಹತ್ವ’ ಎಂದು ಬರೆಯಬೇಡಿ. ಜನ ಹತ್ತನೇ ತರಗತಿಯ ಪ್ರಬಂಧಕ್ಕೆ ಹೋಗಿಬಿಡುತ್ತಾರೆ. ‘ಕ್ಯಾಂಟೀನಿನಿಂದ ಒಂದು ತಿಂಡಿಯನ್ನು ತೆಗೆಯಲೇಬೇಕಾದರೆ ಯಾವುದು, ಏಕೆ?’ ಎಂದು ಕೇಳಿ. ‘ಹೊಸದಾಗಿ ಸೇರಿದವನಿಗೆ ನಿಮ್ಮ ಯಂತ್ರದ ಬಗ್ಗೆ ಮೊದಲು ಯಾವ ಮಾತು ಹೇಳುತ್ತೀರಿ?’ ಎಂದು ಕೇಳಿ. ಇಪ್ಪತ್ತು ವರ್ಷ ಲೇಥ್ ಮುಂದೆ ನಿಂತವರು ‘ನನಗೆ ಮಾತು ಬರುವುದಿಲ್ಲ’ ಎನ್ನುತ್ತಲೇ ಎರಡು ನಿಮಿಷ ದಾಟಿಸುತ್ತಾರೆ. ಪ್ರಶ್ನೆಯನ್ನು ಮೊದಲು ಓದಿ, ಆಮೇಲೆ ಹೆಸರು ಕರೆಯಿರಿ. ಹೆಸರು ಮೊದಲು ಕರೆದರೆ ಉಳಿದವರೆಲ್ಲ ಯೋಚಿಸುವುದನ್ನು ನಿಲ್ಲಿಸಿಬಿಡುತ್ತಾರೆ.

ಈಗ ನಿಮ್ಮ ಕ್ಲಬ್ ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಭಾಗ: ಮೌಲ್ಯಮಾಪನ. ‘ತುಂಬಾ ಚೆನ್ನಾಗಿ ಮಾತನಾಡಿದಿರಿ, ಇನ್ನೂ ಆತ್ಮವಿಶ್ವಾಸ ಬೇಕು’ ಎಂಬ ಮಾತಿನಿಂದ ಯಾರಿಗೂ ಕವಡೆ ಕಾಸಿನ ಪ್ರಯೋಜನವಿಲ್ಲ. ಮೌಲ್ಯಮಾಪಕರು ತಾವು ಕಂಡದ್ದನ್ನು, ಕಂಡ ಕ್ಷಣದ ಸಮೇತ ಹೇಳಬೇಕು: ‘ಬಾಯ್ಲರ್ ನಿಂತ ರಾತ್ರಿಯ ಕಥೆ ಹೇಳುವಾಗ ನೀವು ಸ್ಲೈಡಿನ ಕಡೆ ತಿರುಗಿದಿರಿ. ನನಗೆ ಮುಂದಿನ ಎರಡು ವಾಕ್ಯ ಕೇಳಿಸಲಿಲ್ಲ. ಅದೇ ಕಥೆಯನ್ನು ಸ್ಲೈಡ್ ಇಲ್ಲದೆ ಹೇಳಿ ನೋಡಿ.’ ಇಷ್ಟು ಹೇಳಿದರೆ ಅವರಿಗೆ ಮುಂದಿನ ಭಾಷಣಕ್ಕೆ ಕೆಲಸ ಸಿಕ್ಕಿತು. ಭಾಷಣಕ್ಕೆ ಮೊದಲೇ ಮೌಲ್ಯಮಾಪಕರು ಭಾಷಣಕಾರರ ಹತ್ತಿರ ಹೋಗಿ ‘ಈ ಸಲ ನಾನು ಏನನ್ನು ಗಮನಿಸಲಿ?’ ಎಂದು ಕೇಳಬೇಕು. ಒಬ್ಬರಿಗೆ ಕೈ ಏನು ಮಾಡಬೇಕೆಂದೇ ತಿಳಿಯುವುದಿಲ್ಲ, ಇನ್ನೊಬ್ಬರಿಗೆ ಮುಕ್ತಾಯ ಸಿಗುವುದಿಲ್ಲ. ಹತ್ತು ಕೊರತೆ ಪಟ್ಟಿ ಮಾಡುವವರನ್ನು ತಡೆಯಿರಿ. ಒಂದೋ ಎರಡೋ ಸಾಕು. ಉಚ್ಚಾರ, ಊರಿನ ಮಾತಿನ ಧಾಟಿ, ಬಟ್ಟೆ ಇವುಗಳ ತಂಟೆಗೆ ಹೋಗಲೇಬಾರದು. ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದರೆ ಅದನ್ನು ಚಹಾ ಕುಡಿಯುವಾಗ ತೀರಿಸಿಕೊಳ್ಳಲಿ. ಮೌಲ್ಯಮಾಪನ ಹೇಳಿದ ರೀತಿಗೆ, ಹೇಳಿದ ಅಭಿಪ್ರಾಯಕ್ಕಲ್ಲ.

ಕೆಲಸದ ಜಾಗದ ಕ್ಲಬ್ಬಿಗೆ ಹೊರಗಿನ ಕ್ಲಬ್ಬುಗಳಿಗಿಲ್ಲದ ಒಂದು ತೊಡಕಿದೆ. ಎದುರು ಕುಳಿತವರಲ್ಲಿ ನಿಮ್ಮ ಮ್ಯಾನೇಜರ್ ಇರಬಹುದು. ನನ್ನ ಪಟ್ಟಿಯಲ್ಲಿ ಎರಡು ನಿಯಮಗಳು ಖಾಯಂ. ಮೇಲಧಿಕಾರಿ ತನ್ನ ಕೈಕೆಳಗಿನವರ ಭಾಷಣವನ್ನು ಮೌಲ್ಯಮಾಪನ ಮಾಡುವಂತಿಲ್ಲ. ಕ್ಲಬ್ಬಿನ ಹಾಜರಿಯಾಗಲಿ, ಭಾಷಣವಾಗಲಿ ವಾರ್ಷಿಕ ಅಪ್ರೈಸಲ್‌ನಲ್ಲಿ ಬರುವಂತಿಲ್ಲ. ಇದನ್ನು ಎಚ್‌ಆರ್‌ನವರಿಂದ ಬರವಣಿಗೆಯಲ್ಲೇ ಪಡೆದುಕೊಳ್ಳಿ. ಮ್ಯಾನೇಜರ್ ಬರುವುದಾದರೆ ಮೊದಲು ಅವರಿಗೇ ಆ-ಕೌಂಟರ್ ಪಾತ್ರ ಕೊಡಿ, ಆಮೇಲೆ ಬೇಗನೆ ಒಂದು ಐಸ್ ಬ್ರೇಕರ್. ಅವರ ಕೈಯಲ್ಲಿ ಕಾಗದ ನಡುಗುವುದನ್ನು ಕಂಡ ಮೇಲೆ ಕಿರಿಯರು ಹಗುರಾಗುತ್ತಾರೆ.

ಭಾಷೆಯ ವಿಷಯದಲ್ಲಿ ಗಾಬರಿ ಬೇಡ. ಟೋಸ್ಟ್‌ಮಾಸ್ಟರ್ಸ್‌ಗೆ ಸೇರಿದರೂ ಸಭೆ ಇಂಗ್ಲಿಷಿನಲ್ಲೇ ನಡೆಯಬೇಕೆಂಬ ಕಟ್ಟಳೆ ಇಲ್ಲ, ಎರಡು ಭಾಷೆಗಳಲ್ಲಿ ನಡೆಯುವ ಕ್ಲಬ್ಬುಗಳೂ ಇವೆ. ನಿಮ್ಮಲ್ಲಿ ಉತ್ಪಾದನಾ ವಿಭಾಗದವರೇ ಹೆಚ್ಚು ಎಂದಿದ್ದೀರಿ. ಹಾಗಾದರೆ ಕನ್ನಡದಲ್ಲೇ ಆರಂಭಿಸಿ. ನಿಂತು ಮಾತನಾಡುವ ಭಯ ಒಂದು, ಇಂಗ್ಲಿಷಿನ ಭಯ ಇನ್ನೊಂದು; ಎರಡನ್ನೂ ಒಂದೇ ದಿನ ತಲೆಯ ಮೇಲೆ ಹೊರಿಸಬೇಡಿ. ಇಂಗ್ಲಿಷ್ ಬೇಕೆನ್ನುವವರು ತಮ್ಮ ಭಾಷಣವನ್ನು ಇಂಗ್ಲಿಷಿನಲ್ಲಿ ಮಾಡಲಿ. ಕನ್ನಡ ಸಭೆಯಲ್ಲಿ ಆ-ಕೌಂಟರ್‌ಗೆ ಕೈತುಂಬ ಕೆಲಸ: ‘ಅಂದರೆ’, ‘ಏನಪ್ಪಾ ಎಂದರೆ’, ‘ಒಂಥರಾ’, ಮಧ್ಯೆ ನುಸುಳುವ ‘ಸೋ’, ‘ಬೇಸಿಕಲಿ’. ಎಣಿಕೆ ಹೇಳುವಾಗ ನಗು ಬರುತ್ತದೆ, ಬರಲಿ.

ಸಂಸ್ಥೆಗೆ ಸೇರಬೇಕೇ ಎಂದರೆ, ಮೊದಲ ಮೂರು ತಿಂಗಳು ಸೇರದೆ ನಡೆಸಿ ನೋಡಿ. ಇಪ್ಪತ್ತು ಜನ ನಿಂತರೆ ಟೋಸ್ಟ್‌ಮಾಸ್ಟರ್ಸ್‌ನಲ್ಲಿ ನೋಂದಾಯಿಸಬಹುದು, ಹೊಸ ಕ್ಲಬ್ಬಿಗೆ ಕನಿಷ್ಠ ಸಂಖ್ಯೆ ಅದೇ. ಉದ್ಯೋಗಿಗಳಿಗೆ ಮಾತ್ರ ಎಂದು ಬಾಗಿಲು ಹಾಕಿಕೊಳ್ಳಲು ಕಂಪನಿ ಕ್ಲಬ್ಬುಗಳಿಗೆ ಅವಕಾಶವಿದೆ. ಅಂತರರಾಷ್ಟ್ರೀಯ ಶುಲ್ಕವನ್ನು 2023ರ ಅಕ್ಟೋಬರ್‌ನಲ್ಲಿ ಆರು ತಿಂಗಳಿಗೆ 60 ಡಾಲರ್‌ಗೆ ಏರಿಸಿದರು. ಇದು ಎಲ್ಲರ ಜೇಬಿಗೂ ಹಗುರವಲ್ಲ, ಆದ್ದರಿಂದ ಕಂಪನಿ ಅರ್ಧವನ್ನಾದರೂ ಭರಿಸುವಂತೆ ಮೊದಲೇ ಮಾತನಾಡಿ. ಪೂರ್ತಿ ಭರಿಸಿದರೆ ಹೆಸರು ಬರೆಸಿ ಮಾಯವಾಗುವವರು ಹೆಚ್ಚು; ಸ್ವಲ್ಪವಾದರೂ ತಮ್ಮ ದುಡ್ಡು ಹಾಕಿದವರು ಬರುತ್ತಾರೆ. ಸೇರಿದವರಿಗೆ ಹಂತ ಹಂತವಾದ ಪಾಠಕ್ರಮ, ಸ್ಪರ್ಧೆಗಳು, ಅಕ್ಕಪಕ್ಕದ ಕ್ಲಬ್ಬುಗಳ ಒಡನಾಟ ಸಿಗುತ್ತವೆ. ಪದಾಧಿಕಾರಿಗಳು ಏಳು ಜನ: ಅಧ್ಯಕ್ಷ, ಶಿಕ್ಷಣ, ಸದಸ್ಯತ್ವ, ಪ್ರಚಾರಕ್ಕೆ ಮೂವರು ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಕೊಠಡಿ ಸಜ್ಜುಗೊಳಿಸುವ ಸಾರ್ಜೆಂಟ್ ಅಟ್ ಆರ್ಮ್ಸ್. ಸೇರದಿದ್ದರೆ ಮೂವರೇ ಸಾಕು.

ಮೊದಲ ಸಭೆಗೆ ಹತ್ತಿರದ ಯಾವುದಾದರೂ ಕ್ಲಬ್ಬಿನ ನಾಲ್ಕೈದು ಸದಸ್ಯರನ್ನು ಕರೆಸಿ, ಮುಖ್ಯ ಪಾತ್ರಗಳನ್ನು ಅವರಿಂದಲೇ ಮಾಡಿಸಿ. ಸಾಮಾನ್ಯವಾಗಿ ಖುಷಿಯಿಂದ ಬರುತ್ತಾರೆ, ಹಣ ಕೇಳುವುದಿಲ್ಲ. ನಿಮ್ಮವರಿಂದ ಅಂದು ಆಶುಭಾಷಣ ಮಾತ್ರ. ಎರಡನೆಯ ಸಭೆಯ ಪಾತ್ರಪಟ್ಟಿಯನ್ನು ಅಲ್ಲಿಯೇ, ಜನ ಏಳುವ ಮೊದಲೇ ತುಂಬಿಸಿ. ಪಾಳಿ ಬದಲಾಗುವ ಹೊತ್ತು ಯಾವುದು, ಕಂಪನಿ ಬಸ್ ಎಷ್ಟು ಗಂಟೆಗೆ ಹೊರಡುತ್ತದೆ ಎಂಬುದನ್ನು ನೀವು ಬರೆದಿಲ್ಲ. ತಿಳಿಸಿದರೆ ಊಟದ ಹೊತ್ತಿನ ಸಭೆ ಒಳ್ಳೆಯದೋ ಪಾಳಿ ಮುಗಿದ ಮೇಲಿನದೋ ಎಂದು ಹೇಳುತ್ತೇನೆ, ನಮ್ಮ ಪಾತ್ರಪಟ್ಟಿಯ ಖಾಲಿ ನಮೂನೆಯನ್ನೂ ಹಾಕುತ್ತೇನೆ.