ಬಟ್ಟೆಗಿಂತ ಹೊಲಿಗೆಗೆ ದುಡ್ಡು ಹಾಕಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ "ನಮ್ಮದು ಸಣ್ಣ ಬಜೆಟ್, ಬೇಜಾರು ಮಾಡ್ಕೋಬೇಡಿ" ಅಂತಲೇ ಶುರುವಾಗಿವೆ. ಬೇಜಾರು ಯಾಕೆ? 22 ವರ್ಷ ಹೊಲಿಗೆ ಮಷೀನಿನ ಮುಂದೆ ಕೂತವಳು ನಾನು. ಈಚೆಗೆ ಮನೆ ಅಲಂಕಾರದ ಕೆಲಸವನ್ನೂ ಮಾಡುತ್ತೇನೆ. ದುಬಾರಿ ಸೀರೆ ಉಟ್ಟೂ ಸಪ್ಪೆಯಾಗಿ ಕಂಡವರನ್ನು ನೋಡಿದ್ದೇನೆ. 600 ರೂಪಾಯಿ ಸೀರೆ ಉಟ್ಟು ಬಂದು, ಮದುವೆಮನೆಯವರೆಲ್ಲ ತಿರುಗಿ ನೋಡುವಂತೆ ಮಾಡಿದವರನ್ನೂ ನೋಡಿದ್ದೇನೆ. ವ್ಯತ್ಯಾಸ ಹೆಚ್ಚಾಗಿ ಇರುತ್ತಿದ್ದದ್ದು ಬ್ಲೌಸಿನಲ್ಲಿ.

ನಾನು ಅತಿಥಿ ಉಪನ್ಯಾಸಕಿ. ವಾರಕ್ಕೆ 6 ದಿನ ಸೀರೆ ಉಡಲೇಬೇಕು. ಸಂಬಳ ಸರಿಯಾಗಿ ತಿಂಗಳು ತಿಂಗಳು ಬರುವುದಿಲ್ಲ. ಆನ್‌ಲೈನಿನಲ್ಲಿ 400–500 ರೂಪಾಯಿಯ ಸೀರೆ ಎಂಟು ತರಿಸಿದೆ. ಎರಡೇ ತಿಂಗಳಿಗೆ ಗುಂಜು ಎದ್ದು ಹಳತಾದವು. ಏನು ಮಾಡಲಿ?
– ಓದುಗರು, ಗದಗ

ಮೇಡಂ, ಎಂಟು ಸೀರೆಗೆ ಹತ್ತಿರ ಹತ್ತಿರ 3,500 ರೂಪಾಯಿ ಕೊಟ್ಟಿದ್ದೀರಿ. ಅದೇ ದುಡ್ಡಿಗೆ ಎರಡು ಒಳ್ಳೆಯ ಕಾಟನ್ ಸೀರೆ, ಬ್ಲೌಸಿಗೆ ಒಂದು ಖಣ, ಅದಕ್ಕೊಂದು ಅಚ್ಚುಕಟ್ಟಾದ ಹೊಲಿಗೆ ಬರುತ್ತಿತ್ತು. ಆದದ್ದು ಆಯಿತು, ಬಿಡಿ. ಇನ್ನು ಮುಂದೆ ಎರಡು ತಿಂಗಳಿಗೆ ಒಂದೇ ಸೀರೆ ತಗೊಳ್ಳಿ. 4 ಸೀರೆ, 3 ಬ್ಲೌಸ್ ಆದ ಮೇಲೆ ನಿಲ್ಲಿಸಿ. ಮೂರೂ ಬ್ಲೌಸ್ ನಾಲ್ಕೂ ಸೀರೆಗೆ ಹೊಂದುವಂತೆ ಆರಿಸಿದರೆ 12 ಜೋಡಿ ಆಯಿತು. ಎರಡು ವಾರ ಒಂದೇ ತರ ಕಾಣದೆ ಕಾಲೇಜಿಗೆ ಹೋಗಬಹುದು.

ನೀವಿರುವ ಊರೇ ನಿಮ್ಮ ದೊಡ್ಡ ಅನುಕೂಲ. ಪಕ್ಕದ ಬೆಟಗೇರಿಯಲ್ಲೇ ನೇಕಾರರಿದ್ದಾರೆ. ಇಳಕಲ್ಲಿಗೋ ಗುಳೇದಗುಡ್ಡಕ್ಕೋ ಒಂದು ಭಾನುವಾರ ಬಸ್ಸಿನಲ್ಲಿ ಹೋಗಿ ಬರಬಹುದು. ಹಬ್ಬದ ಹತ್ತಿರ ಮತ್ತು ಆಗಸ್ಟ್ 7ರ ಕೈಮಗ್ಗ ದಿನದ ಆಸುಪಾಸಿನಲ್ಲಿ ಪ್ರಿಯದರ್ಶಿನಿಯಂಥ ಸರ್ಕಾರಿ ಕೈಮಗ್ಗ ಮಳಿಗೆಗಳಲ್ಲಿ ರಿಯಾಯಿತಿ ಇದೆಯೇ ಅಂತ ವಿಚಾರಿಸಿ.

ಇಳಕಲ್ ಸೀರೆ ತಗೊಳ್ಳುವಾಗ ಅಂಗಡಿಯವರು ಮಡಿಕೆ ಬಿಚ್ಚಿದ ಕೂಡಲೇ ಬಣ್ಣ ನೋಡಬೇಡಿ. ಮೈ ಮುಗಿದು ಕೆಂಪು ಸೆರಗು ಶುರುವಾಗುವ ಜಾಗ ನೋಡಿ. ಕೈಮಗ್ಗದ ಇಳಕಲ್ಲಿನಲ್ಲಿ ಮೈಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆ. ಮೈಯ ಹತ್ತಿ ಎಳೆಯನ್ನೂ ಸೆರಗಿನ ರೇಷ್ಮೆ ಎಳೆಯನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಬೆರಳಾಡಿಸಿದರೆ ಸಣ್ಣ ಏಣಿನ ಗೆರೆಯೊಂದು ಅಡ್ಡಕ್ಕೆ ಸಿಗುತ್ತದೆ. ಉದ್ದದ ಎಳೆಯ ಬಣ್ಣ ಅಲ್ಲಿಗೆ ನಿಂತು, ಕೆಂಪು ಎಳೆ ಅಲ್ಲಿಂದ ಹೊರಡುತ್ತದೆ. ಮೈಯ ಎಳೆಯೇ ಸೆರಗಿನ ತುದಿಯವರೆಗೂ ಓಡಿದ್ದರೆ ಅದು ಕೊಂಡಿ ಹಾಕಿದ ಸೀರೆಯಲ್ಲ. ಮಷೀನ್ ಸೀರೆ ತಗೊಂಡರೆ ತಪ್ಪೇನಿಲ್ಲ. ಆದರೆ ಕೈಮಗ್ಗದ ರೇಟು ಕೊಡಬೇಡಿ. ಅದು ನಿಮಗೂ ಮೋಸ, ಮಗ್ಗದಲ್ಲಿ ಕೂತವರಿಗೂ ಮೋಸ. ಸೆರಗಿಗೆ ಅಪ್ಪಟ ರೇಷ್ಮೆಯ ಬದಲು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ, ಹಾಕಿದ ಕೈಮಗ್ಗದ ಸೀರೆಯೂ ಸಿಗುತ್ತದೆ. ಬೆಲೆ ಎಷ್ಟೋ ಕಡಿಮೆ. ಪಾಠ ಮಾಡುವ ಕೆಲಸಕ್ಕೆ ಅದು ಸಾಕು.

ಬ್ಲೌಸಿಗೆ ಗುಳೇದಗುಡ್ಡದ ಖಣ ತಗೊಳ್ಳಿ. ಗಾಢ ಹಸಿರು, ಇಟ್ಟಿಗೆ ಕೆಂಪು, ಕಪ್ಪು ಈ ಮೂರು ಬಣ್ಣ ಇದ್ದರೆ ಹೆಚ್ಚಿನ ಸೀರೆಗಳಿಗೆ ಹೊಂದುತ್ತವೆ. ತೇರು, ಆನೆ ಹೆಜ್ಜೆ ಅಂತ ಸಣ್ಣ ಸಣ್ಣ ವಿನ್ಯಾಸಗಳಿವೆ. ಪ್ಲೇನ್ ಸೀರೆಯ ಜತೆ ಅವು ಎದ್ದು ಕಾಣುತ್ತವೆ. ಖಣದ ಬಟ್ಟೆಯ ಪನ್ನ, ಅಂದರೆ ಅಗಲ, ಕಿರಿದು. ಎಷ್ಟು ಬೇಕು ಅಂತ ನಿಮ್ಮ ಟೈಲರ್ ಹತ್ತಿರ ಕೇಳಿಕೊಂಡೇ ಹೋಗಿ.

ಈಗ ಹೊಲಿಗೆ. ಇಲ್ಲಿ ಜಿಪುಣತನ ಬೇಡ. ಟೈಲರ್ ಹತ್ತಿರ ಮೂರು ಮಾತು ಹೇಳಿ. ಒಂದು, ಲೈನಿಂಗ್ ಬಟ್ಟೆ ಕಾಟನ್ ಇರಲಿ, ಅದನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿಸಲಿ. ನೆನೆಸದಿದ್ದರೆ ಮೊದಲ ಒಗೆತಕ್ಕೆ ಒಳಗಿನ ಲೈನಿಂಗ್ ಕುಗ್ಗುತ್ತದೆ, ಮೇಲಿನ ಖಣ ಸುಕ್ಕುಸುಕ್ಕಾಗಿ ಉಬ್ಬುತ್ತದೆ. ಆಮೇಲೆ ಎಷ್ಟು ಇಸ್ತ್ರಿ ಹೊಡೆದರೂ ಕೂರುವುದಿಲ್ಲ. ನಾನು ಕೆಲಸ ಕಲಿಯುವ ಕಾಲದಲ್ಲಿ ಒಬ್ಬ ಹೆಣ್ಣುಮಗಳ ಸೀಮಂತದ ಬ್ಲೌಸ್ ಹೀಗೆ ಕೆಡಿಸಿದ್ದೆ. ಆಕೆ ಅದನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತದ್ದು ಇವತ್ತಿಗೂ ನೆನಪಿದೆ. ಎರಡು, ಪಕ್ಕದ ಹೊಲಿಗೆಯಲ್ಲಿ ಒಳಗೆ ಒಂದೂವರೆ ಇಂಚು ಮಾರ್ಜಿನ್ ಬಿಡಲಿ. ದಪ್ಪ ಆದರೂ ಸಣ್ಣ ಆದರೂ ಬಿಚ್ಚಿ ಹೊಲಿದುಕೊಳ್ಳಬಹುದು, ಐದಾರು ವರ್ಷ ಬರುತ್ತದೆ. ಮೂರು, ಟ್ರಯಲ್ ನೋಡುವಾಗ ಕೈ ಮೇಲೆತ್ತಿ ಬೋರ್ಡಿನ ಮೇಲೆ ಬರೆಯುವ ಹಾಗೆ ಮಾಡಿ. ಕಂಕುಳಲ್ಲಿ ಹಿಡಿದರೆ ಅಲ್ಲೇ ಸರಿ ಮಾಡಿಸಿ. ದಿನಾ ಬೋರ್ಡ್ ಮೇಲೆ ಬರೆಯುವವರು ನೀವು, ಅಲ್ವಾ?

ಒಗೆಯುವಾಗ ಕೆಂಪು ಸೆರಗು ಬಣ್ಣ ಬಿಡಬಹುದು. ಮೊದಲ ಮೂರು ನಾಲ್ಕು ಸಲ ಸೆರಗನ್ನು ಗಂಟು ಹಾಕಿ, ಮೈ ಬೇರೆ, ಸೆರಗು ಬೇರೆ ತಣ್ಣೀರಲ್ಲಿ ತೊಳೆಯಿರಿ. ನೆರಳಲ್ಲಿ ಒಣಗಿಸಿ. ಅನ್ನದ ಗಂಜಿ ತೆಳುವಾಗಿ ಸೋಸಿ ಹಾಕಿದರೆ ನೆರಿಗೆ ಸಂಜೆವರೆಗೂ ನಿಲ್ಲುತ್ತದೆ. ಗಂಜಿ ದಪ್ಪಗಾದರೆ ಗಾಢ ಬಣ್ಣದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಜೋಪಾನ.

ಎಂಜಿನಿಯರಿಂಗ್ ಮುಗಿಸಿದ್ದೇನೆ. ಮುಂದಿನ ತಿಂಗಳು ಇಂಟರ್‌ವ್ಯೂ. ಅದೇ ವಾರ ಅಕ್ಕನ ಮದುವೆ. 3,000 ರೂಪಾಯಿ ಒಳಗೆ ಎರಡಕ್ಕೂ ಆಗಬೇಕು. ಬ್ಲೇಜರ್ ತಗೊಳ್ಳಲೇ?
– ಓದುಗರು, ಮಂಡ್ಯ

ಬ್ಲೇಜರ್ ಬೇಡ ತಮ್ಮಾ. ಈ ದುಡ್ಡಿಗೆ ಸಿಗುವ ಬ್ಲೇಜರ್ ಭುಜದಲ್ಲಿ ಜೋತು ಬೀಳುತ್ತದೆ. ಒಂದು ಒಳ್ಳೆಯ ಕಾಟನ್ ಬಿಳಿ ಶರ್ಟ್, ತುಂಬು ತೋಳಿನದು, ಸುಮಾರು 1,000 ರೂಪಾಯಿಯದು ತಗೋ. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ಸರಿಯಾಗಿ ಕೂರಬೇಕು. ಪಕ್ಕ ಸಡಿಲ ಇದ್ದರೆ ಟೈಲರ್ ಹಿಡಿದು ಹೊಲಿಯುತ್ತಾರೆ. ಭುಜ ಸರಿ ಇಲ್ಲದಿದ್ದರೆ ರಿಪೇರಿ ಕಷ್ಟ, ಆ ಶರ್ಟ್ ಬಿಟ್ಟುಬಿಡು. ಕಡು ನೀಲಿ ಪ್ಯಾಂಟ್ 1,200ರ ಆಸುಪಾಸಿನಲ್ಲಿ ಸಿಗುತ್ತದೆ. ಉದ್ದ ಶೂ ಮೇಲೆ ಸುರುಳಿ ಸುತ್ತದಂತೆ ಮಡಿಸಿ ಹೊಲಿಸು. ಉಳಿದ ದುಡ್ಡಲ್ಲಿ ಒಂದು ಬೆಲ್ಟು, ಶೂ ಪಾಲಿಶು, ಒಳಗೆ ಹಾಕಲು ಹೊಸ ಬನಿಯನ್ನು. ಬಿಳಿ ಶರ್ಟಿನೊಳಗೆ ಹಳೇ ಬನಿಯನ್ನಿನ ತೂತು ಕೂಡ ಕಾಣುತ್ತದೆ.

ಮದುವೆಗೆ ಅದೇ ಬಿಳಿ ಶರ್ಟು, ಅಪ್ಪನ ಜರಿ ಅಂಚಿನ ಪಂಚೆ, ಶಲ್ಯ. ಪಂಚೆಯನ್ನು ಒಂದು ದಿನ ಮೊದಲೇ ಇಸ್ತ್ರಿ ಮಾಡಿಸಿಡು. ಅಕ್ಕನ ಪಕ್ಕ ಫೋಟೊಗೆ ನಿಂತಾಗ ಯಾವ ಬಾಡಿಗೆ ಶೇರ್ವಾನಿಗಿಂತಲೂ ಚೆನ್ನಾಗಿ ಕಾಣುತ್ತೀಯ.

ಬೆಂಗಳೂರಿನಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಓನರ್ ಮೊಳೆ ಹೊಡೆಯಲು ಬಿಡುವುದಿಲ್ಲ. ಗೋಡೆ ಪಿಸ್ತಾ ಹಸಿರು, ನೆಲ ಬಿಳಿ ಟೈಲ್ಸ್. ಹಾಲ್ ನೋಡಿದರೆ ಆಸ್ಪತ್ರೆ ಅನ್ನಿಸುತ್ತದೆ. 4 ಅಡಿ ಕಿಟಕಿಗೆ ಕರ್ಟನ್ ರಾಡ್ ಮಾತ್ರ ಇದೆ. ಕೈಯಲ್ಲಿ 4,000 ರೂಪಾಯಿ ಇದೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಬೆಂಗಳೂರು

ಬಲ್ಬಿನಿಂದ. ಆಸ್ಪತ್ರೆ ಅನ್ನಿಸುವುದಕ್ಕೆ ಮುಖ್ಯ ಕಾರಣ ಅದೇ. ಎಲ್‌ಇಡಿ ಡಬ್ಬಿಯ ಮೇಲೆ 6500 ಕೆ ಅಂತ ಇರುತ್ತದೆ ನೋಡಿ. ಕೆ ಅಂದರೆ ಕೆಲ್ವಿನ್. ಅದು ನೀಲಿ ಕಡೆಗಿನ ಬಿಳಿ ಬೆಳಕು. ಬಿಳಿ ಟೈಲ್ಸ್ ಮೇಲೆ ಬಿದ್ದಾಗ ಇನ್ನೂ ತಣ್ಣಗೆ ಕಾಣುತ್ತದೆ. 2700 ಅಥವಾ 3000 ಕೆ ಇರುವ 9 ವ್ಯಾಟಿನ ಎರಡು ಬಲ್ಬ್ ತನ್ನಿ. ಸಂಜೆಯ ದೀಪದ ಹಾಗೆ ಹಳದಿ ಬೆಳಕು ಕೊಡುತ್ತವೆ. ಅಡುಗೆಮನೆಗೆ, ಮಕ್ಕಳು ಓದುವ ಜಾಗಕ್ಕೆ ಬಿಳಿಯದೇ ಇರಲಿ. ಹಾಲಿನಲ್ಲಿ ಒಂದು ಬಲ್ಬ್ ಮೇಲಿನ ಹೋಲ್ಡರಿಗೆ, ಇನ್ನೊಂದು ಮೂಲೆಯಲ್ಲಿ ಟೇಬಲ್ ಲ್ಯಾಂಪಿಗೆ ಹಾಕಿ. ಸಂಜೆ ಟ್ಯೂಬ್‌ಲೈಟ್ ಆರಿಸಿ ಇವೆರಡನ್ನೇ ಹಚ್ಚಿ. ಇನ್ನೇನೂ ಕೊಳ್ಳುವ ಮೊದಲು ಒಂದು ವಾರ ಹೀಗೇ ಇದ್ದು ನೋಡಿ.

ಆಮೇಲೆ ಕರ್ಟನ್. ರೆಡಿಮೇಡ್ ಬೇಡ. ಮನೆಯಲ್ಲಿ ಉಡದೆ ಇಟ್ಟ ಕಾಟನ್ ಸೀರೆ ಒಂದಾದರೂ ಇರುತ್ತದೆ. ಲೆಕ್ಕ ಹೇಳುತ್ತೇನೆ, ಟೇಪ್ ಹಿಡಿದುಕೊಳ್ಳಿ. ಸೀರೆ ಸಾಮಾನ್ಯವಾಗಿ ಐದೂವರೆ ಮೀಟರ್ ಉದ್ದ, ಸುಮಾರು 45 ಇಂಚು ಅಗಲ. ಮೊದಲು ಒಗೆದು ಕುಗ್ಗಲು ಬಿಡಿ. ಸೆರಗಿನ ಕಡೆ ಒಂದು ಮೀಟರ್ ಕತ್ತರಿಸಿ ಬೇರೆ ಇಡಿ. ಉಳಿದ ನಾಲ್ಕೂವರೆ ಮೀಟರನ್ನು ಸಮ ಎರಡು ಮಾಡಿ. ಒಂದೊಂದು ತುಂಡು 88 ಇಂಚು ಬರುತ್ತದೆ. ಮೇಲೆ ರಾಡ್ ತೂರಿಸಲು 4 ಇಂಚು, ಕೆಳಗೆ ಮಡಿಕೆಗೆ 3 ಇಂಚು ಹೋದರೆ 81 ಇಂಚು ಉಳಿಯಿತು, ಅಂದರೆ 6 ಅಡಿ 9 ಇಂಚು. ಹೆಚ್ಚಿನ ಮನೆಗಳಲ್ಲಿ ನೆಲದ ಹತ್ತಿರದವರೆಗೂ ಇಳಿಯುತ್ತದೆ. ಎರಡೂ ತುಂಡಿನ ಅಗಲ ಸೇರಿ 90 ಇಂಚು. ನಿಮ್ಮ ಕಿಟಕಿ 48 ಇಂಚು. ಕಿಟಕಿಯ ಎರಡು ಪಟ್ಟಿಗೆ ಸ್ವಲ್ಪವೇ ಕಡಿಮೆ. ನೆರಿಗೆ ತುಂಬಿ ಬರಲು ಅಷ್ಟು ಬೇಕು. ಸೀರೆಯ ಅಂಚು ಉದ್ದಕ್ಕೆ ನಿಂತು ಗೋಡೆ ಎತ್ತರವಾಗಿ ಕಾಣುತ್ತದೆ. ಬಿಸಿಲು ಜಾಸ್ತಿ ಇದ್ದರೆ ಹಿಂದೆ ಹಳೇ ಪಂಚೆಯನ್ನೇ ಲೈನಿಂಗ್ ಕೊಡಿ. ರೇಷ್ಮೆ ಸೀರೆಯನ್ನು ಮಾತ್ರ ಕಿಟಕಿಗೆ ಹಾಕಬೇಡಿ. ಬಿಸಿಲಿಗೆ ರೇಷ್ಮೆ ಬೇಗ ಸಾಯುತ್ತದೆ.

ಕತ್ತರಿಸಿಟ್ಟ ಸೆರಗಿನಲ್ಲಿ ಎರಡು ದಿಂಬಿನ ಕವರ್ ಆಗುತ್ತವೆ. ಕರ್ಟನ್, ದಿಂಬು ಒಂದೇ ಸೀರೆಯವು ಅನ್ನುವುದೇ ಕೋಣೆಗೆ ಒಂದು ಹದ ಕೊಡುತ್ತದೆ.

ಪಿಸ್ತಾ ಹಸಿರು ಗೋಡೆಯ ಜತೆ ಜಗಳ ಬೇಡ. ಅದರ ಮುಂದೆ ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಕೋರಾ ಬಟ್ಟೆಯ ಬಣ್ಣ ಇಡಿ. ನೀವೇ ಬೇಕೆಂದು ಆರಿಸಿದ ಬಣ್ಣದ ಹಾಗೆ ಕಾಣುತ್ತದೆ. ಗೋಡೆಗೆ ಅಂಟಿಸುವ ಹುಕ್ಕಿನ ಬಗ್ಗೆ ಎಚ್ಚರ. ಹಳೇ ಡಿಸ್ಟೆಂಪರ್ ಗೋಡೆಯಾದರೆ ಹುಕ್ಕು ತೆಗೆಯುವಾಗ ಬಣ್ಣದ ಪದರವೇ ಎದ್ದು ಬರುತ್ತದೆ, ಆಮೇಲೆ ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರೆ. ಚಿತ್ರ ಇಡುವುದಿದ್ದರೆ ದೊಡ್ಡದೊಂದನ್ನು ಸ್ಟೂಲಿನ ಮೇಲೆ ಗೋಡೆಗೆ ಒರಗಿಸಿ. ಪಕ್ಕದಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಚೊಂಬು, ಅದರಲ್ಲಿ ಪಕ್ಕದ ಮನೆಯವರಿಂದ ಕೇಳಿ ತಂದ ಮನಿಪ್ಲಾಂಟ್ ಬಳ್ಳಿ. ವಾರಕ್ಕೊಮ್ಮೆ ನೀರು ಬದಲಿಸಿ.

ನೆಲಕ್ಕೆ ಈಗ ಕೋರೆ ಚಾಪೆ ಸಾಕು. ಲ್ಯಾಂಪ್, ಚಾಪೆ, ಹೊಲಿಗೆ ಕೂಲಿ ಎಲ್ಲ ಸೇರಿ ನಿಮ್ಮ 4,000ದಲ್ಲಿ ಅರ್ಧದಷ್ಟು ಉಳಿದರೂ ಆಶ್ಚರ್ಯವಿಲ್ಲ. ಅದನ್ನು ಖರ್ಚು ಮಾಡಬೇಡಿ. ಇನ್ನಷ್ಟು ಸೇರಿಸಿ ಒಂದು ನವಲಗುಂದದ ಜಮಖಾನೆ ತನ್ನಿ. ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುವ ಹತ್ತಿಯ ಜಮಖಾನೆ ಅದು. ಎಷ್ಟು ಮನೆ ಬದಲಿಸಿದರೂ ಸುತ್ತಿಕೊಂಡು ಹೋಗಬಹುದು.

ವರಮಹಾಲಕ್ಷ್ಮಿ ಹಬ್ಬಕ್ಕೆ ಹಿಂದಿನ ಪರದೆ, ಥರ್ಮಾಕೋಲ್ ಮಂಟಪ ಅಂತ ಪ್ರತಿ ವರ್ಷ 2,000 ರೂಪಾಯಿ ಹೋಗುತ್ತದೆ. ಕಡಿಮೆ ಮಾಡುವುದು ಹೇಗೆ?
– ಓದುಗರು, ತುಮಕೂರು

ಮಂಟಪ ಬಿಡಿ. ಎರಡು ಬಾಳೆಕಂದು ಅಕ್ಕಪಕ್ಕ ನಿಲ್ಲಿಸಿ, ಹಿಂದೆ ಒಂದೇ ಬಣ್ಣದ ಸೀರೆ ನೆರಿಗೆ ಹಿಡಿದು ಇಳಿಬಿಡಿ. ಅಮ್ಮನವರ ಸೀರೆಯಲ್ಲಿ ಜರಿ ತುಂಬಾ ಇದ್ದರೆ ಹಿಂದಿನದು ಪ್ಲೇನ್ ಇರಲಿ. ಎರಡೂ ಮಿಂಚಿದರೆ ಕಳಸದ ಮುಖವೇ ಕಾಣುವುದಿಲ್ಲ. ಚೆಂಡುಹೂವನ್ನು ಬಿಡಿಯಾಗಿ ಎರಡು ದಿನ ಮೊದಲೇ ತಂದು ಮನೆಯಲ್ಲೇ ಪೋಣಿಸಿ, ಒದ್ದೆ ಬಟ್ಟೆ ಮುಚ್ಚಿಡಿ. ಹಬ್ಬದ ಹಿಂದಿನ ಸಂಜೆ ಮಾರ್ಕೆಟ್ಟಿಗೆ ಹೋದರೆ ಹೂವಿನ ರೇಟಿಗೆ ಹಿಡಿತವೇ ಇರುವುದಿಲ್ಲ.

ಅಮ್ಮ ತೀರಿಕೊಂಡು ಒಂದು ವರ್ಷವಾಯಿತು. ಅವರ ಮದುವೆಯ ರೇಷ್ಮೆ ಸೀರೆ ಮಡಿಕೆ ಮಡಿಕೆಯಲ್ಲೇ ಹರಿದಿದೆ. ನಾವು ಮೂವರು ಅಕ್ಕತಂಗಿಯರು. ಹಳೇ ಸೀರೆ ಕೊಳ್ಳುವವರು ಜರಿಗೆ ದುಡ್ಡು ಕೊಡುತ್ತೇವೆ ಅಂತಾರೆ. ಕೊಡಲೇ, ಏನಾದರೂ ಮಾಡಿಸಲೇ?
– ಓದುಗರು, ಶಿವಮೊಗ್ಗ

ಅವಸರ ಮಾಡಬೇಡಿ. ಬಾಗಿಲಿಗೆ ಬಂದವರಿಗಂತೂ ಕೊಡಬೇಡಿ. ಅಂಚಿನಿಂದ ಒಂದೇ ಒಂದು ಜರಿ ಎಳೆ ಬಿಡಿಸಿ ಉಗುರಲ್ಲಿ ಕೆರೆದು ನೋಡಿ. ಒಳಗೆ ಕೆಂಪು ರೇಷ್ಮೆ ದಾರ ಕಂಡರೆ ಅಸಲಿ ಬೆಳ್ಳಿ ಜರಿ ಇರುವ ಸಂಭವ ಜಾಸ್ತಿ. ಮಾರುವುದೇ ಆದರೆ ಕನಿಷ್ಠ ಎರಡು ಅಂಗಡಿಯಲ್ಲಿ ತೋರಿಸಿ ಬೆಲೆ ಕೇಳಿ.

ನನ್ನನ್ನು ಕೇಳಿದರೆ, ಮಾರಬೇಡಿ. ಮಡಿಕೆಯಲ್ಲಿ ಹರಿದ ಸೀರೆ ಪೂರ್ತಿ ಸತ್ತಿರುವುದಿಲ್ಲ. ಹಗಲು ಬೆಳಕಲ್ಲಿ ಬಾಗಿಲಿಗೆ ಅಡ್ಡ ಹಿಡಿದು ನೋಡಿ. ಬೆಳಕು ಗೆರೆಗೆರೆಯಾಗಿ ತೂರಿ ಬರುವ ಜಾಗ ಹೋಯಿತು ಅಂತ ಬಿಡಿ. ಮಡಿಕೆಗಳ ನಡುವಿನ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ತಡೆದರೆ ಅದು ಹೊಲಿಗೆಗೆ ಬರುತ್ತದೆ. ಕೆಳಗೆ ತೆಳು ಕಾಟನ್ ಬಟ್ಟೆ ಕೊಟ್ಟು ಹೊಲಿದರೆ ಮೊಮ್ಮಗಳಿಗೆ ಲಂಗ ಆಗಬಹುದು. ಹರಿದ ತುಂಡುಗಳನ್ನೂ ಎಸೆಯಬೇಡಿ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆ ಪದರ ಪದರವಾಗಿ ಹಾಕಿ, ಮೇಲೆ ತುಂಡು ಕೂಡಿಸಿ, ಉದ್ದಕ್ಕೂ ಸಣ್ಣ ಹೊಲಿಗೆ ಹಾಕಿ ಕೌದಿ ಮಾಡುತ್ತಾರೆ. ಅಮ್ಮನ ದಿನನಿತ್ಯದ ಕಾಟನ್ ಸೀರೆಗಳಿದ್ದರೆ ಅವನ್ನು ಒಳಗೆ ಹಾಕಿ, ಈ ರೇಷ್ಮೆ ತುಂಡನ್ನು ಮೇಲೆ ನಡುವಿಗೆ ಕೂಡಿಸಿ. ಹೊದ್ದರೆ ಮೆತ್ತಗಿರುತ್ತದೆ.

ಸೆರಗು ಗಟ್ಟಿ ಇದ್ದರೆ ಮೂರು ಮಾಡಿ, ಒಬ್ಬೊಬ್ಬರಿಗೆ ಒಂದು. ಫ್ರೇಮ್ ಹಾಕಿಸಿದರೆ ಬಿಸಿಲು ಬೀಳದ ಗೋಡೆಗೆ ಹಾಕಿ. ಹಾಗೇ ಇಡುವುದಾದರೆ ಹಳೇ ಮೆತ್ತನೆ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗಬಾರದು.

ಮೂವರೂ ಒಟ್ಟಿಗೆ ಸೇರಿದ ದಿನವೇ ಕತ್ತರಿಸಿ. ಕತ್ತರಿಗೆ ಮೊದಲೇ ಸಾಣೆ ಹಿಡಿಸಿಡಿ. ಮೊಂಡು ಕತ್ತರಿ ಹಳೇ ರೇಷ್ಮೆಯ ಎಳೆಯನ್ನು ಜಗ್ಗಿ ಹರಿಯುತ್ತದೆ.