ಅಳತೆ ಒಂದೇ ಎಂದು ಪ್ರೈಮರ್ ಬದಲಿಸಬೇಡಿ
9 ಎಂಎಂ ಗುಂಡುಗಳ ಮರುಭರ್ತಿಗೆ ಸ್ಮಾಲ್ ಪಿಸ್ತೂಲ್ ಪ್ರೈಮರ್ (ಹೊಡೆತ ಬಿದ್ದಾಗ ಕಿಡಿ ಹುಟ್ಟಿಸಿ ಮದ್ದು ಹೊತ್ತಿಸುವ ಪುಟ್ಟ ಬಟ್ಟಲು) ಬದಲು ಸ್ಮಾಲ್ ರೈಫಲ್ ಪ್ರೈಮರ್ ಬಳಸಬಹುದೇ ಎಂದು ಕೇಳಿದ್ದೀರಿ. ಎರಡರ ವ್ಯಾಸವೂ 0.175 ಇಂಚು, ಹಾಗಾಗಿ ಸಲೀಸಾಗಿ ಕೂರುತ್ತದೆ. ಮೋಸ ಹೋಗುವುದೇ ಅಲ್ಲಿ! ರೈಫಲ್ ಪ್ರೈಮರಿನ ಲೋಹದ ಬಟ್ಟಲು ಸಾಮಾನ್ಯವಾಗಿ ಹೆಚ್ಚು ಗಟ್ಟಿ. ಪಿಸ್ತೂಲಿನ ಫೈರಿಂಗ್ ಪಿನ್ ಹೊಡೆತಕ್ಕೆ ಅದು ಹೊತ್ತಿಕೊಳ್ಳದೇ ಹೋಗಬಹುದು. ಹೊತ್ತಿಕೊಂಡರೂ ಒತ್ತಡ ಬದಲಾಗಬಹುದು. ಹೆಚ್ಚು ಜೋರಾಗಿ ಹೊತ್ತಿಸುವ ಮ್ಯಾಗ್ನಂ ಪ್ರೈಮರಿಗೂ ಇದೇ ಎಚ್ಚರಿಕೆ ಬೇಕು. ಮರುಭರ್ತಿಯ ಕೈಪಿಡಿ ಯಾವ ಪ್ರೈಮರ್ ಹೇಳಿದೆಯೋ ಅದನ್ನೇ ಬಳಸಿ. ಬ್ರ್ಯಾಂಡ್ ಬದಲಿಸಿದರೂ ಮದ್ದನ್ನು ಕೈಪಿಡಿಯ ಕನಿಷ್ಠ ಪ್ರಮಾಣಕ್ಕೆ ಇಳಿಸಿ ಮತ್ತೆ ಆರಂಭಿಸಿ. ಲಾರ್ಜ್ ಗಾತ್ರದಲ್ಲಂತೂ ಈ ಬದಲಾವಣೆ ಬೇಡವೇ ಬೇಡ: ರೈಫಲಿನದು ಎತ್ತರ ಹೆಚ್ಚಿರುವುದರಿಂದ ಹೊರಚಾಚುತ್ತದೆ, ಅದು ನಿಜಕ್ಕೂ ಅಪಾಯ. ಅಂದಹಾಗೆ, .45 ಎಸಿಪಿ ಎಂಬ ಪಿಸ್ತೂಲ್ ಗುಂಡಿನ ಖಾಲಿ ಕೇಸುಗಳು ಸ್ಮಾಲ್, ಲಾರ್ಜ್ ಎರಡೂ ಗಾತ್ರದ ಪ್ರೈಮರ್ ಗುಳಿಗಳೊಂದಿಗೆ ಬರುತ್ತವೆ, ಮೊದಲೇ ಬೇರ್ಪಡಿಸಿಕೊಳ್ಳಿ.