ಕೊಳೆತ ಸಿಲ್ ಮೇಲೆ ಹೊಸ ಬಣ್ಣ ನಿಲ್ಲುವುದಿಲ್ಲ

ಪ್ರಶ್ನೆ: ನನ್ನ ಬಳಿ 1967ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ತೆರೆದ ಸ್ಪೋರ್ಟ್ಸ್ ಕಾರು) ಇದೆ. ಬಾಗಿಲ ಕೆಳಗೆ ಉದ್ದಕ್ಕೂ ಇರುವ ತಗಡಿನ ಪಟ್ಟಿಯಲ್ಲಿ, ಅಂದರೆ ಸಿಲ್‌ನಲ್ಲಿ, ಬಣ್ಣ ಗುಳ್ಳೆ ಎದ್ದಿದೆ. ತುಕ್ಕು ಕೆರೆದು, ರಸ್ಟ್ ಕನ್ವರ್ಟರ್ (ತುಕ್ಕನ್ನು ಮಾರ್ಪಡಿಸುವ ದ್ರಾವಣ) ಬಳಿದು, ಪುಟ್ಟಿ ಹಾಕಿ ಬಣ್ಣ ಹೊಡೆದರೆ ಸಾಕಲ್ಲವೇ? – ಬೆಂಗಳೂರಿನ ಓದುಗರು

ಉತ್ತರ: ಸಾಲದು. ಎಷ್ಟು ಬಾರಿ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಹೇಳುತ್ತೇನೆ. ಹಿಂದಿನ ಎಂಜಿಎ ಕಾರಿಗೆ ಪ್ರತ್ಯೇಕ ಚಾಸಿ (ಭಾರ ಹೊರುವ ಚೌಕಟ್ಟು) ಇತ್ತು. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ ತಯಾರಾದ ಎಂಜಿಬಿಯಲ್ಲಿ ಬಾಡಿಯೇ ಚಾಸಿ. ಚಾವಣಿಯೂ ಇಲ್ಲದ ರೋಡ್‌ಸ್ಟರ್‌ನ ನಡುಭಾಗ ಬಾಗದಂತೆ ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲು ಎರಡು ಬದಿಯ ಸಿಲ್‌ಗಳದ್ದು. ನೀವು ಕಾಣುತ್ತಿರುವುದು ಹೊರತಗಡು ಮಾತ್ರ. ಅದರ ಹಿಂದೆ ಒಂದು ನಿಂತ ತಗಡೂ ಕೆಳಗೆ ಕೋಟೆಯ ತೆನೆಯಂತೆ ಮಡಿಸಿದ ಇನ್ನೊಂದು ತಗಡೂ ಸೇರಿ ಪೆಟ್ಟಿಗೆಯಾಗಿರುತ್ತವೆ. ಮುಂದಿನ ಚಕ್ರ ಎರಚಿದ ಕೆಸರು ವಿಂಗ್‌ನ (ಚಕ್ರದ ಮೇಲಿನ ಮಡ್‌ಗಾರ್ಡ್) ಹಿಂಬದಿಯಲ್ಲಿ ಕೂತು ತೇವ ಹಿಡಿದಿಟ್ಟುಕೊಳ್ಳುವುದರಿಂದ ತುಕ್ಕು ಹೆಚ್ಚಾಗಿ ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಉಳಿದಿರುವುದು ಕಡಿಮೆ.

ಕನ್ವರ್ಟರ್ ತಾನು ಮುಟ್ಟಿದ ಮೇಲ್ಮೈಯನ್ನಷ್ಟೇ ಬದಲಿಸುತ್ತದೆ, ತಗಡಿನ ಬೆಸುಗೆಗಳ ನಡುವೆ ಇಳಿಯುವುದಿಲ್ಲ. ಪುಟ್ಟಿ ತೇವ ಹೀರುತ್ತದೆ. ನನ್ನ ಶೆಡ್ಡಿಗೆ ಬಂದ ಒಂದು ಕಾರಿನ ಸಿಲ್‌ಗೆ ಆಯಸ್ಕಾಂತ ಹಿಡಿದರೆ ಅಂಟಲೇ ಇಲ್ಲ. ಉಳಿಯಿಂದ ಕೆತ್ತಿದಾಗ ಎರಡು ಬೆರಳು ದಪ್ಪದ ಪುಟ್ಟಿ, ಅದರ ಹಿಂದೆ ಕೋಳಿ ಗೂಡಿನ ಜಾಲರಿ, ಮಡಿಸಿ ತುರುಕಿದ ಪತ್ರಿಕೆ ಹಾಳೆಗಳು ಹೊರಬಂದವು. ಹೀಗೆ ಮಾಡಿ ‘ಫುಲ್ ಟಿಂಕರಿಂಗ್’ ಎಂದು ಹಣ ಪಡೆಯುವವರು ಓಡಿಸುವವರ ಪ್ರಾಣದ ಜೊತೆ ಆಟವಾಡುತ್ತಿದ್ದಾರೆ. ಸುಟ್ಟ ಎಂಜಿನ್ ಆಯಿಲ್ ಸುರಿದರೆ ತುಕ್ಕು ನಿಲ್ಲುತ್ತದೆ ಎನ್ನುವವರ ಮಾತನ್ನೂ ಕೇಳಬೇಡಿ. ವೆಲ್ಡಿಂಗ್ ದಿನ ಅದೇ ಎಣ್ಣೆಗೆ ಬೆಂಕಿ ಹತ್ತುತ್ತದೆ.

ಕತ್ತರಿಸಲೇಬೇಕು, ಆದರೆ ಒಮ್ಮೆಗೆ ಒಂದೇ ಬದಿಯನ್ನು. ನನ್ನ ಮೊದಲ ಕಾರಿನಲ್ಲಿ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಕೊಡದೆ ಸಿಲ್ ತೆಗೆದೆ. ಸಂಜೆಯ ಹೊತ್ತಿಗೆ ನಡುಭಾಗ ಕುಸಿದು, ರೂಪಾಯಿ ನಾಣ್ಯ ಸಲೀಸಾಗಿ ಓಡಾಡುತ್ತಿದ್ದ ಬಾಗಿಲ ಮೇಲ್ತುದಿಯ ಸಂದಿನಲ್ಲಿ ಕಾಗದವೂ ತೂರದಂತಾಯಿತು. ಆದ್ದರಿಂದ ಕಾರನ್ನು ಸಮತಟ್ಟಾಗಿ ನಿಲ್ಲಿಸಿ, ಕೀಲಿನ ಕಂಬಕ್ಕೂ ಬೀಗದ ಕಂಬಕ್ಕೂ ನಡುವೆ ಕಬ್ಬಿಣದ ಪೈಪನ್ನು ಗಟ್ಟಿಯಾಗಿ ಬಿಗಿದು, ಸಂದುಗಳನ್ನು ಅಳೆದು ಬರೆದಿಟ್ಟುಕೊಂಡ ಮೇಲೆಯೇ ಗ್ರೈಂಡರ್ ಹಿಡಿಯಿರಿ. ಹೊಸ ಸಿಲ್ಲನ್ನು ಮೊದಲು ಕ್ಲಾಂಪ್‌ನಲ್ಲಿ ಹಿಡಿಸಿ, ಬಾಗಿಲು ಹಾಕಿ ತೆಗೆದು ನೋಡಿ. ಸಂದು ಸರಿಯಿದ್ದರೆ ಮಾತ್ರ ಬೆಸೆಯಿರಿ. ಪೆಟ್ರೋಲ್ ಟ್ಯಾಂಕ್ ಕಳಚಿ ಹೊರಗಿಡದೆ ವೆಲ್ಡಿಂಗ್ ಆರಂಭಿಸಬೇಡಿ. ಹಳೆಯ ಸಿಲ್ ಮೇಲೆ ಹೊಸ ಕವಚ ಹೊದಿಸುವುದು ಕೊಳೆತಕ್ಕೆ ಮುಸುಕು ಹಾಕಿದಂತೆ. ಬಣ್ಣ ಒಣಗಿದ ನಂತರ ಪೆಟ್ಟಿಗೆಯೊಳಗೆ ಮೇಣ ಸಿಂಪಡಿಸಿ, ನೀರಿಳಿಯುವ ರಂಧ್ರಗಳನ್ನು ತೆರೆದೇ ಇಡಿ. ನಿಮಗೆ ವೆಲ್ಡಿಂಗ್ ಚೆನ್ನಾಗಿ ಬಾರದಿದ್ದರೆ ಈ ಒಂದು ಕೆಲಸವನ್ನು ಬಲ್ಲವರಿಗೆ ಕೊಡಿ ಎಂಬುದು ನನ್ನ ಕಟ್ಟುನಿಟ್ಟಿನ ಸಲಹೆ.

ಪ್ರಶ್ನೆ: ಮೂಗಿಗೆ ಬಟ್ಟೆ ಕಟ್ಟಿಕೊಂಡು ಮನೆಯ ಶೆಡ್ಡಿನಲ್ಲೇ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಯಬಹುದೇ? – ಹುಬ್ಬಳ್ಳಿ

ಉತ್ತರ: ಬೇಡವೇ ಬೇಡ. ಬಣ್ಣ ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕ ಅಸ್ತಮಾ ತರುತ್ತದೆ, ಒಮ್ಮೆ ದೇಹಕ್ಕೆ ಅಲರ್ಜಿಯಾದರೆ ಅತ್ಯಲ್ಪ ಪ್ರಮಾಣವೂ ಉಸಿರುಗಟ್ಟಿಸಬಲ್ಲದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಇಲ್ಲದವರು ಬಣ್ಣವನ್ನು ಸ್ಪ್ರೇ ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವವರಿಗೆ ಬಿಡಲಿ.

ಪ್ರಶ್ನೆ: ಜುಲೈನಲ್ಲಿ ಹೊಡೆದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಬೂದಿ ಬಳಿದಂತೆ ಮಂಕಾಯಿತು. ಬಣ್ಣವೇ ಕಳಪೆಯೇ? – ಮಂಗಳೂರು

ಉತ್ತರ: ಬಣ್ಣದ ತಪ್ಪಲ್ಲ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಮಳೆಗಾಲದ ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ. ನಿಧಾನವಾಗಿ ಆರುವ ಥಿನ್ನರ್ ಸ್ವಲ್ಪ ನೆರವಾಗುತ್ತದೆ, ಆದರೆ ನಾನಾದರೆ ಡಿಸೆಂಬರ್‌ವರೆಗೆ ಕಾಯುತ್ತೇನೆ.

ಪ್ರಶ್ನೆ: ಕಾರಿನ ಮೂಲ ಬಣ್ಣ ತಿಳಿಯುವುದು ಹೇಗೆ? – ಮೈಸೂರು

ಉತ್ತರ: ಡ್ಯಾಶ್‌ಬೋರ್ಡ್ ಹಿಂದೆ ಮತ್ತು ಕಾರ್ಪೆಟ್ ಕೆಳಗೆ ನೋಡಿ.